ಕನ್ನಡ ಕಷ್ಟವೋ, ಕನ್ನಡಿಗರು ಕಷ್ಟವೋ?

ಕೆಲವು ವರ್ಷಗಳ ಹಿಂದೆ ಜರ್ಮನಿಯ ವಿದ್ಯಾರ್ಥಿನಿಯೊಬ್ಬಳು ಒಂದು ವರ್ಷದ ಅಧ್ಯಯನಕ್ಕೆಂದು ಮಣಿಪಾಲಕ್ಕೆ ಬಂದವಳು, ಸಮುದ್ರಕ್ಕೆ ಹತ್ತಿರವಿರಬೇಕೆಂಬ ಆಸೆಯಿಂದ ಕೆಮ್ಮಣ್ಣಿನಲ್ಲಿ ನಮ್ಮ ನೆರೆಮನೆಯ ಮಹಡಿಯಲ್ಲಿ ಬಾಡಿಗೆಗೆ ನಿಂತಳು. ಬಂದ ವಾರದಲ್ಲೇ ಆಕೆ ಕೇಳಿದ ಮೊದಲ ಪ್ರಶ್ನೆ ಊರಿನ ಹೆಸರನ್ನು ಕುರಿತದ್ದು. ನಿಘಂಟು ತೆರೆದಾಗ 'ಕೆಮ್ಮು' ಎಂಬ ಪದ ಕಣ್ಣಿಗೆ ಬಿದ್ದಿತಂತೆ. ಈ ಊರಿಗೂ ಕೆಮ್ಮಿಗೂ ಏನು ಸಂಬಂಧ ಎಂದಳು. ಕೆಂಪು ಮಣ್ಣು ಕೆಮ್ಮಣ್ಣಾಗುತ್ತದೆ, ಕೆಂಪು ತಾವರೆ ಕೆಂದಾವರೆಯಾಗುತ್ತದೆ, ಕೆಂಪು ಮುಗಿಲು ಕೆಮ್ಮುಗಿಲಾಗುತ್ತದೆ ಎಂದು ವಿವರಿಸಿದೆ. ಗಂಭೀರವಾಗಿ ಬರೆದುಕೊಂಡಳು. ಬಳಿಕ ಕೇಳಿದ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರ ಹುಡುಕುತ್ತ ನಾನು ಇನ್ನೂ ಕುಳಿತಿದ್ದೇನೆ: "ಸರ್, ಇಲ್ಲಿಯ ಭಾಷೆಗಳಲ್ಲಿ ಹೊರಗಿನವರಿಗೆ ಅತ್ಯಂತ ಕಷ್ಟವಾದುದು ಯಾವುದು?"

'ಇಲ್ಲಿಯ ಭಾಷೆಗಳು' ಎಂಬ ಆಕೆಯ ಬಹುವಚನ ಸರಿಯಾಗಿಯೇ ಇತ್ತು. ಸ್ವರ್ಣಾ ನದಿಯ ದಂಡೆಯ ನಮ್ಮ ಊರಿನಲ್ಲಿ ಒಂದು ಮೈಲಿ ನಡೆಯುವಷ್ಟರಲ್ಲಿ ತುಳು, ಕ್ರೈಸ್ತರ ಕೊಂಕಣಿ, ಸಾರಸ್ವತರ ಕೊಂಕಣಿ, ಬ್ಯಾರಿ, ಉರ್ದು, ಇವೆಲ್ಲವೂ ಕಿವಿಗೆ ಬೀಳುತ್ತವೆ. ಉತ್ತರಕ್ಕೆ ಸ್ವಲ್ಪ ಸರಿದರೆ ಕುಂದಗನ್ನಡದ 'ಹ್ವಾಯ್' ಎಂಬ ಕರೆ ಕೇಳಿಸತೊಡಗುತ್ತದೆ. ಶಾಲೆ, ಕಚೇರಿ, ಪತ್ರಿಕೆಗಳಲ್ಲಿ ಕನ್ನಡ. ಮನೆಯಲ್ಲಿ ತುಳುವನ್ನಾಡಿ ಬೆಳೆದ ನನಗೆ ಕನ್ನಡವೂ ಶಾಲೆಯಲ್ಲಿ ಕಲಿತ ಭಾಷೆಯೇ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಕರಾವಳಿಯ ಲಕ್ಷಾಂತರ ಮಕ್ಕಳ ಸ್ಥಿತಿ ಇದೇ. ಆದರೂ ಕನ್ನಡ ಕಷ್ಟವೆಂದು ನಮ್ಮಲ್ಲಿ ಯಾರೂ ದೂರಿದ್ದನ್ನು ನಾನು ಕೇಳಿಲ್ಲ.

ಆಕೆಗೆ ಅಂದು ನಾನು ಕೊಟ್ಟ ಉತ್ತರ 'ತುಳು' ಎಂದು. ಕಾರಣವನ್ನೂ ಕೊಟ್ಟೆ. ತುಳುವಿನಲ್ಲಿ 'ಬತ್ತೆ' ಎಂದರೆ 'ನಾನು ಬಂದೆ' ಎಂದೂ ಆಗುತ್ತದೆ, 'ಅವನು ಬಂದ' ಎಂದೂ ಆಗುತ್ತದೆ. ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ. ಕೊನೆಯ ಎಕಾರವನ್ನು ತುಸು ಬಾಯಗಲಿಸಿ ಹೇಳಿದರೆ ಬಂದವನು ನಾನು, ಹಾಗೆ ಹೇಳದಿದ್ದರೆ ಬಂದವನು ಅವನು. ಇನ್ನೊಂದು ತೊಡಕೂ ಇದೆ. ಹೊಸಗನ್ನಡದ 'ನಾವು' ಎಂಬುದಕ್ಕೆ ತುಳುವಿನಲ್ಲಿ ಎರಡು ಪದಗಳು. ಕೇಳುವವನನ್ನು ಹೊರಗಿಟ್ಟರೆ 'ಎಂಕುಳು', ಅವನನ್ನೂ ಸೇರಿಸಿಕೊಂಡರೆ 'ನಮ'. ಇದನ್ನು ಕೇಳಿ ಆಕೆ ಕ್ಷಣಕಾಲ ಯೋಚಿಸಿ, "ಹಾಗಾದರೆ ನೀವು ನನ್ನೊಡನೆ ಯಾವಾಗ 'ನಮ' ಅನ್ನುತ್ತೀರಿ?" ಎಂದಳು. ನಗೆಯಾಡಿ ಮಾತು ತೇಲಿಸಿದೆ.

ಕಷ್ಟವನ್ನು ಅಳೆಯುವ ಪ್ರಯತ್ನಗಳೇನೂ ಇಲ್ಲದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯ ತರಬೇತಿ ಸಂಸ್ಥೆಯು ತನ್ನ ಅಧಿಕಾರಿಗಳಿಗೆ ಭಾಷೆಗಳನ್ನು ಕಲಿಸಿದ ದೀರ್ಘಕಾಲದ ಅನುಭವದಿಂದ ಒಂದು ವರ್ಗೀಕರಣ ಮಾಡಿಕೊಂಡಿದೆ. ವೃತ್ತಿಗೆ ಸಾಲುವಷ್ಟು ಸ್ಪ್ಯಾನಿಷ್ ಅಥವಾ ಫ್ರೆಂಚ್ ಕಲಿಯಲು ಸುಮಾರು 600ರಿಂದ 750 ತರಗತಿ ಗಂಟೆಗಳು ಸಾಕು. ನಮ್ಮ ತಮಿಳು, ತೆಲುಗು, ಹಿಂದಿ, ಬಂಗಾಳಿಗಳಿಗೆ 44 ವಾರ, ಅಂದರೆ ಸುಮಾರು 1100 ಗಂಟೆಗಳು. ಚೀನೀ, ಜಪಾನೀ, ಕೊರಿಯನ್, ಅರಬ್ಬೀ ಭಾಷೆಗಳಿಗೆ ಇದರ ಇಮ್ಮಡಿ. ತಮಿಳು, ತೆಲುಗುಗಳ ಸೋದರಿಯಾದ ಕನ್ನಡವನ್ನು ಈ ನಡುವಿನ ಗುಂಪಿನಲ್ಲಿಯೇ ಇಡಬಹುದೆಂದು ನನ್ನ ಎಣಿಕೆ.

ಆದರೆ ಈ ಲೆಕ್ಕವೆಲ್ಲ ಇಂಗ್ಲಿಷನ್ನು ತಾಯ್ನುಡಿಯಾಗಿ ಉಳ್ಳವರಿಗಾಗಿ ಹಾಕಿದ್ದು. ಕ್ರಿಯಾಪದವನ್ನು ವಾಕ್ಯದ ಕೊನೆಗಿಟ್ಟು, ಪ್ರತ್ಯಯಗಳನ್ನು ನಾಮಪದದ ಬೆನ್ನಿಗೆ ಹಚ್ಚುವ ಜಪಾನೀಯನಿಗೆ ಕನ್ನಡದ ವಾಕ್ಯರಚನೆ ಸ್ವಂತ ಮನೆಯ ಅಂಗಳದಂತೆ ಕಾಣುತ್ತದೆ. ತೆಲುಗನಿಗೆ ಲಿಪಿಯೂ ಅರ್ಧ ಪರಿಚಿತ. ಎಂದರೆ ಕಷ್ಟವೆಂಬುದು ಭಾಷೆಯೊಂದರ ಒಡಲೊಳಗಿನ ಗುಣವಲ್ಲ, ಎರಡು ಭಾಷೆಗಳ ನಡುವಣ ದೂರ. ಉಡುಪಿಯಿಂದ ಕಾರ್ಕಳ ಎಷ್ಟು ದೂರವೆಂದು ಹೇಳಬಹುದು. ಕಾರ್ಕಳ ಎಷ್ಟು ದೂರವೆಂದಷ್ಟೇ ಕೇಳಿದರೆ ಉತ್ತರವಿಲ್ಲ.

ಕನ್ನಡದಲ್ಲಿ ಯುರೋಪಿಯನ್ನರು ಎಡವುವ ಕಡೆಗಳು ಗೊತ್ತಿರುವಂಥವೇ. ಲಕಾರ ಳಕಾರಗಳು ಅವರ ಕಿವಿಗೆ ಒಂದೇ. ಆದ್ದರಿಂದ ಹಾಲು ಹಾಳಾಗುತ್ತದೆ, ಕಲೆ ಕಳೆಯಾಗುತ್ತದೆ. 'ಇಲ್ಲ', 'ಅಲ್ಲ', 'ಬೇಡ', 'ಬಾರದು', 'ಕೂಡದು' ಎಂದು ನಿರಾಕರಣೆಗೆ ಇಷ್ಟೊಂದು ಬಾಗಿಲುಗಳಿರುವುದು ಅವರಿಗೆ ವಿಚಿತ್ರ. ಹೊರಟು ನಿಂತವನು 'ಬರ್ತೇನೆ' ಎನ್ನುವುದು ಇನ್ನೂ ವಿಚಿತ್ರ. ನಮ್ಮ ಜರ್ಮನ್ ಹುಡುಗಿ ಮೊದಲ ದಿನ ನಾನು 'ಬರ್ತೇನೆ' ಎಂದು ಎದ್ದು ಹೋದಾಗ ಅರ್ಧ ಗಂಟೆ ಕಾದು ಕುಳಿತಿದ್ದಳಂತೆ. ಇವೆಲ್ಲ ಆರು ತಿಂಗಳ ತೊಡಕುಗಳು. ಇವಕ್ಕಿಂತ ದೊಡ್ಡ ತೊಡಕು ಪುಸ್ತಕದ ಕನ್ನಡಕ್ಕೂ ಬಾಯಿಯ ಕನ್ನಡಕ್ಕೂ ನಡುವಣ ಅಂತರದ್ದು. ಈ ಅನುಭವಕ್ಕೆ ನಾನು ವಿದೇಶಿಯಾಗಬೇಕಾಗಿರಲಿಲ್ಲ.

1980ರ ದಶಕದಲ್ಲಿ ಸೇವೆಯ ಆರಂಭದ ದಿನಗಳಲ್ಲಿ ನನ್ನನ್ನು ಅಂದಿನ ಗುಲ್ಬರ್ಗ ಜಿಲ್ಲೆಗೆ ಹಾಕಿದರು. ನಮ್ಮ ಕರಾವಳಿಯ ಶಾಲಾ ಕನ್ನಡ ವ್ಯಾಕರಣದ ಗೆರೆ ದಾಟದ ಕನ್ನಡ. ಅಲ್ಲಿ ಬಾಯಿ ತೆರೆದರೆ ಜನ ಸುತ್ತ ನೆರೆದು ಕೇಳುತ್ತಿದ್ದರು. "ಸಾಹೇಬ್ರು ಪುಸ್ತಕದಂಗ ಮಾತಾಡ್ತಾರ" ಎಂದು ಜವಾನನೊಬ್ಬ ಹೊರಗೆ ಹೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು. ಒಂದು ಮುಂಜಾನೆ ಗುಮಾಸ್ತರೊಬ್ಬರು ಬಂದು "ಅರಾಮ ಇಲ್ರೀ ಸಾಹೇಬ್ರ" ಎಂದು ರಜೆ ಕೇಳಿದರು. ಆರಾಮವಾಗಿರಲು ಬಿಡುವಿಲ್ಲವೆಂದು ದೂರುತ್ತಿದ್ದಾರೆಂದು ತಿಳಿದು, ಭಾನುವಾರ ವಿಶ್ರಾಂತಿ ಪಡೆಯಿರಿ ಎಂದೆ. ಆ ಮನುಷ್ಯ ಜ್ವರದಿಂದ ನಡುಗುತ್ತಿದ್ದರು. ನಮ್ಮ ಕಡೆ 'ಸೌಖ್ಯವಿಲ್ಲ' ಎನ್ನುವುದನ್ನು ಅವರು ಅಲ್ಲಿಯ ಮಾತಿನಲ್ಲಿ ಹೇಳಿದ್ದರು, ಅಷ್ಟೇ. ಸಂಜೆ ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರ ತಾಯಿ ನನ್ನನ್ನು ಕೂಡಿಸಿ, 'ಲಗೂ' ಎಂದರೇನು, 'ತ್ರಾಸ' ಎಂದರೇನು, 'ಖರೇ' ಎಂದರೇನು ಎಂದು ಒಂದೊಂದಾಗಿ ಹೇಳಿಕೊಟ್ಟರು. ಆರು ತಿಂಗಳಲ್ಲಿ ಆ ಕನ್ನಡ ನನಗೆ ಬಂದಿತು. ಬಂದಿತೇಕೆಂದರೆ, ನನಗಾಗಿ ಬೇರೆ ಭಾಷೆಗೆ ಹೊರಳುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ನಾನು ತಪ್ಪಾಡಿದರೆ ನಗುತ್ತಿದ್ದರು, ತಿದ್ದುತ್ತಿದ್ದರು, ಮತ್ತೆ ಅದೇ ಭಾಷೆಯಲ್ಲಿ ಉತ್ತರಿಸುತ್ತಿದ್ದರು.

ಮುಂದೊಮ್ಮೆ ಉತ್ತರ ಭಾರತದ ತರುಣ ಐಎಎಸ್ ಅಧಿಕಾರಿಯೊಬ್ಬರು ತರಬೇತಿಗಾಗಿ ನಮ್ಮ ಕಚೇರಿಗೆ ಬಂದರು. ಮಸ್ಸೂರಿಯಲ್ಲಿಯೇ ಕನ್ನಡದ ಪಾಠಗಳನ್ನು ಮುಗಿಸಿದ್ದರು. ಕಂದಾಯ ಇಲಾಖೆಯ ಕನ್ನಡ ಅವರಿಗೆ ಕಬ್ಬಿಣದ ಕಡಲೆಯಾದೀತೆಂದು ನಾನು ಹೆದರಿದ್ದೆ. ಆದದ್ದೇ ಬೇರೆ. ಅರ್ಜಿ, ದರಖಾಸ್ತು, ಜಮಾಬಂದಿ, ತಕರಾರು, ಬಗರ್ ಹುಕುಂ, ಇವೆಲ್ಲ ಅವರ ಊರಿನ ಪದಗಳೇ! ನಮ್ಮ ಸರ್ಕಾರಿ ಕನ್ನಡವನ್ನು ಅವರು ನಮಗಿಂತ ಸಲೀಸಾಗಿ ಓದಿದರು. ಕರಾವಳಿಯ ಕಡತ ಕೈಗೆ ಬಂದಾಗ ಮಾತ್ರ ಮೂಲಗೇಣಿ, ಚಾಲಗೇಣಿ, ಕುಮ್ಕಿ, ಬೈಲು, ಮಜಲು, ಬೆಟ್ಟುಗಳ ಮುಂದೆ ನಿಂತರು. ಆಗ ಅವರು ಮಾಡಿದ ಕೆಲಸ ನನಗೆ ಮೆಚ್ಚಿಗೆಯಾಯಿತು. ಕಚೇರಿಯಲ್ಲಿ ತಮ್ಮೊಡನೆ ಯಾರೂ ಹಿಂದಿಯಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಮಾತನಾಡಕೂಡದೆಂದು ಕೋರಿದರು. ಮೂರನೆಯ ದಿನಕ್ಕೆ ಆ ಕೋರಿಕೆಯನ್ನು ಮುರಿದವರಲ್ಲಿ ನಾನೇ ಮೊದಲಿಗ. ಕೆಲಸ ಬೇಗ ಮುಗಿಯಬೇಕಿತ್ತು.

ವಿದೇಶಿಯರು ಕನ್ನಡ ಕಲಿತ ಕಥೆಯಲ್ಲಿ ಬಾಸೆಲ್ ಮಿಶನ್ನಿನವರನ್ನು ಬಿಡುವಂತಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನ್ನಿನ ಉದ್ದೇಶ ಮತಪ್ರಚಾರವೆಂಬುದು ನಿರ್ವಿವಾದ. ಅದರ ಗುಣದೋಷಗಳ ಚರ್ಚೆ ಇಲ್ಲಿ ಬೇಡ. ಹರ್ಮನ್ ಮೊಗ್ಲಿಂಗ್ 1836ರಲ್ಲಿ ಬಂದರು, 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆಯನ್ನು ಹೊರಡಿಸಿದರು. ಭಾಷೆ ಕಲಿಯತೊಡಗಿದ ಏಳು ವರ್ಷಗಳಲ್ಲಿ ಆ ಭಾಷೆಯ ಮೊದಲ ಪತ್ರಿಕೆಗೆ ಸಂಪಾದಕರಾಗುವುದೆಂದರೆ ಸಾಮಾನ್ಯವೇ? ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಂದರು, 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನು ಸಂಪಾದಿಸಿದರು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟರು. ತುಳುವಿಗೆ ಬ್ರಿಗೆಲ್ 1872ರಲ್ಲಿ ವ್ಯಾಕರಣ ಬರೆದರೆ, ಮ್ಯಾನರ್ 1886ರಲ್ಲಿ ನಿಘಂಟು ಕೊಟ್ಟರು. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದ ತುಳು ನಿಘಂಟಿನ ಆರು ಸಂಪುಟಗಳನ್ನು ನಾವು ಕಾಣಲು ಮತ್ತೆ ನೂರು ವರ್ಷಗಳು ಬೇಕಾದವು.

ಇವರೆಲ್ಲ ಅಸಾಮಾನ್ಯ ಪ್ರತಿಭಾವಂತರೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದೇ ಮಿಶನ್ನಿನ ಮೊದಲ ತಂಡದಲ್ಲಿ ಬಂದ ಸಾಮ್ಯುವೆಲ್ ಹೆಬಿಕ್ ಮುಂದೆ ಕಣ್ಣೂರಿನಲ್ಲಿ ದುಭಾಷಿಯನ್ನು ಪಕ್ಕದಲ್ಲಿಟ್ಟುಕೊಂಡೇ ಉಪದೇಶ ಮಾಡಿದರು. ಅಲ್ಲಿ ಇಂಗ್ಲಿಷ್ ಬಲ್ಲ ಸೈನಿಕರ ದಂಡು ಇತ್ತು. ಅನುವಾದಕ್ಕೆ ಜನವೂ ಇದ್ದರು. ಮೊಗ್ಲಿಂಗ್, ಕಿಟೆಲ್ಲರಿಗೆ ಹಳ್ಳಿಗಳಲ್ಲಿ ಜರ್ಮನ್ನಿನಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಉತ್ತರಿಸುವವರು ವಿರಳ. ಪ್ರತಿಭೆ ಅವರದು, ಆ ಪ್ರತಿಭೆಗೆ ಕೆಲಸ ಕೊಟ್ಟ ಪರಿಸ್ಥಿತಿ ನಮ್ಮ ಜನರದು.

ಈಗ ನೆರೆಮನೆಯ ಹುಡುಗಿಗೆ ಮರಳುತ್ತೇನೆ. ಆಕೆ ಶ್ರದ್ಧೆಯಿಂದ ವಾಕ್ಯಗಳನ್ನು ಬಾಯಿಪಾಠ ಮಾಡಿಕೊಂಡು ಅಂಗಡಿಗೆ ಹೋಗುತ್ತಿದ್ದಳು. "ಅರ್ಧ ಕಿಲೋ ಈರುಳ್ಳಿ ಕೊಡಿ" ಎಂದರೆ, "ಓನ್ಲಿ ಹಾಫ್ ಕೆಜಿ, ಮೇಡಮ್?" ಎಂದು ಉತ್ತರ. ಆಟೋದವರು ಹಿಂದಿಗೆ ಹೊರಳುತ್ತಿದ್ದರು. ಆಕೆ ಪಟ್ಟು ಬಿಡದೆ ಕನ್ನಡದಲ್ಲಿಯೇ ಮುಂದುವರಿದರೆ ಬ್ಯಾಂಕಿನ ಯುವಕ ಇಂಗ್ಲಿಷಿನಲ್ಲಿಯೇ ಮುಂದುವರಿಯುತ್ತಿದ್ದ. ಇಬ್ಬರೂ ಪರಸ್ಪರರ ಭಾಷೆಯನ್ನು ಅಭ್ಯಾಸ ಮಾಡುತ್ತಿದ್ದಂತೆ ಕಾಣುತ್ತಿತ್ತು ಎಂದು ಒಂದು ಸಂಜೆ ಬೇಸರದಿಂದಲೇ ನಕ್ಕಳು. ನಮ್ಮವರದು ಒರಟುತನವಲ್ಲ. ಅತಿಥಿಗೆ ಶ್ರಮ ಕೊಡಬಾರದೆಂಬ ಸೌಜನ್ಯ ಒಂದು ಪಾಲು, ನಮಗೂ ಇಂಗ್ಲಿಷ್ ಬರುತ್ತದೆಂದು ತೋರಿಸುವ ಹಂಬಲ ಇನ್ನೊಂದು ಪಾಲು. ಎರಡೂ ಸೇರಿ ಆಕೆಯ ಅಭ್ಯಾಸದ ಗಂಟೆಗಳನ್ನು ತಿಂದುಹಾಕಿದವು.

ಆಕೆಗೆ ದೊರೆತ ನಿಜವಾದ ಗುರು ಬೆಳಗ್ಗೆ ಬುಟ್ಟಿ ಹೊತ್ತು ಬರುವ ಮೀನು ಮಾರುವ ಹೆಂಗಸು. ಆ ಹೆಂಗಸಿಗೆ ಇಂಗ್ಲಿಷೂ ಬಾರದು, ಹಿಂದಿಯೂ ಬಾರದು, ಕನ್ನಡವೂ ಅಷ್ಟಕ್ಕಷ್ಟೆ. ಹೀಗಾಗಿ ಬಂಗುಡೆ, ಬೂತಾಯಿ, ಅಂಜಲ್, ಕಾಣೆಗಳ ನಡುವೆ ತುಳುವಿನ ಪಾಠ ಆರಂಭವಾಯಿತು. 'ಒಂಜಿ, ರಡ್ಡ್, ಮೂಜಿ' ಎಂದು ಎಣಿಕೆ ಕಲಿತದ್ದು ಮೀನಿನ ಮೇಲೆಯೇ. ಕ್ರಯಕ್ಕೆ ಚೌಕಾಸಿ ಮಾಡಲು ಕಲಿತದ್ದೂ ಅಲ್ಲಿಯೇ, ಹಿರಿಯರಿಗೆ 'ಈ' ಎನ್ನಬಾರದು 'ಈರ್' ಎನ್ನಬೇಕೆಂದು ಬೈಸಿಕೊಂಡದ್ದೂ ಅಲ್ಲಿಯೇ. ನಾನು ಅತ್ಯಂತ ಕಷ್ಟವೆಂದು ಹೇಳಿದ್ದ ಭಾಷೆ ಆಕೆಗೆ ಕನ್ನಡಕ್ಕಿಂತ ಮೊದಲು ಬಂದಿತು. ಎಂ.ಎ. ಪದವಿಯ ಬಲದಿಂದ ನಾನು ಕೊಟ್ಟ ವಿವರಣೆಗಳೆಲ್ಲ ಬುಡಮೇಲಾದವು.

ಅರ್ಥಶಾಸ್ತ್ರ ಓದಿದವನಿಗೆ ಇಲ್ಲಿ ಒಂದು ಮಾತು ಸೇರಿಸದೆ ನಿದ್ದೆ ಬಾರದು. ಸಾವಿರ ಗಂಟೆಗಳ ಶ್ರಮವೆಂದರೆ ಒಂದು ಹೂಡಿಕೆ. ಪ್ರತಿಫಲ ಕಂಡರೆ ಜನ ಹೂಡುತ್ತಾರೆ. ನಮ್ಮ ಊರಿನ ನರ್ಸಿಂಗ್ ಓದಿದ ಹುಡುಗಿಯರು ಇಂದು ಜರ್ಮನ್ ಕಲಿಯುತ್ತಿದ್ದಾರೆ. ಆ ಭಾಷೆಯಲ್ಲಿ ಮೇಜು ಪುಲ್ಲಿಂಗ, ದೀಪ ಸ್ತ್ರೀಲಿಂಗ, ಹುಡುಗಿ ನಪುಂಸಕಲಿಂಗ. ವಿಭಕ್ತಿಗೆ ತಕ್ಕಂತೆ ಪ್ರತಿಯೊಂದರ ಹಿಂದಿನ ಗುಣವಾಚಕವೂ ಬದಲಾಗಬೇಕು. ಇಂಥದನ್ನು ಕಷ್ಟವೆಂದು ಬಿಟ್ಟುಬಂದ ಹುಡುಗಿಯನ್ನು ನಾನು ಇನ್ನೂ ಕಂಡಿಲ್ಲ, ಏಕೆಂದರೆ ಪರೀಕ್ಷೆಯ ಆಚೆಗೆ ಒಂದು ಆಸ್ಪತ್ರೆಯ ನೌಕರಿ ಇದೆ. ಹಿಂದೆ ಮುಂಬೈಯ ಹೋಟೆಲುಗಳಿಗೆ ತಟ್ಟೆ ತೊಳೆಯಲು ಹೋದ ನಮ್ಮ ಹುಡುಗರು ಮರಾಠಿ, ಹಿಂದಿಗಳನ್ನು ಯಾವ ಪುಸ್ತಕ ನೋಡಿ ಕಲಿತರು? ಕೊಲ್ಲಿ ದೇಶಗಳಿಗೆ ಹೋದವರು ಅರಬ್ಬಿಯನ್ನು? ಹಾಗಾದರೆ ನಮ್ಮ ಭಾಷೆ ಕಲಿತವನಿಗೆ ನಾವು ಕೊಡುವ ಪ್ರತಿಫಲವೇನು? ಅವನು ಬಾಯಿ ತೆರೆದೊಡನೆ, 'ನಿಮ್ಮ ಹೂಡಿಕೆಯ ಅಗತ್ಯ ನಮಗಿಲ್ಲ' ಎಂದು ಇಂಗ್ಲಿಷಿನಲ್ಲಿ ತಿಳಿಸುತ್ತೇವೆ.

ಇದನ್ನೆಲ್ಲ ಇಷ್ಟು ಖಚಿತವಾಗಿ ಬರೆಯುವ ಅಧಿಕಾರ ನನಗಿದೆಯೇ ಎಂಬ ಪ್ರಶ್ನೆಯನ್ನು ಓದುಗರು ಕೇಳುವ ಮೊದಲು ನಾನೇ ಕೇಳಿಕೊಳ್ಳಬೇಕು. ನಿವೃತ್ತನಾದ ಮೇಲೆ ಒಮ್ಮೆ ಎಂಬತ್ತು ದಾಟಿದ ನನ್ನ ಚಿಕ್ಕಮ್ಮನನ್ನು ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಯುವ ವೈದ್ಯರು ಹೊರರಾಜ್ಯದವರು. ಒಂದಿಷ್ಟು ಕನ್ನಡ ಕಲಿತಿದ್ದರು. "ಅಮ್ಮ, ಏನು ತೊಂದರೆ?" ಎಂದು ನಿಧಾನವಾಗಿ ಕೇಳಿದರು. ಚಿಕ್ಕಮ್ಮ ತುಳುವಿನಲ್ಲಿ "ಬಂಜಿ ಬೇನೆ, ತರೆ ತಿರ್ಗುಂಡು" ಎಂದರು. ಹೊಟ್ಟೆನೋವು, ತಲೆತಿರುಗು. ವೈದ್ಯರಿಗೆ 'ಬಂಜಿ' ಎಂಬುದು ಕನ್ನಡದ 'ಬಂಜೆ'ಯಂತೆ ಕೇಳಿಸಿರಬೇಕು. ಎಂಬತ್ತರ ಮುದುಕಿಯನ್ನು "ಮಕ್ಕಳಿಲ್ಲವೇ?" ಎಂದು ಕೇಳಿದರು. ಚಿಕ್ಕಮ್ಮನಿಗೆ ಐವರು ಮಕ್ಕಳು. ಅವರು ನಕ್ಕರು, ವೈದ್ಯರೂ ನಕ್ಕರು. ಹೊಟ್ಟೆ ಮುಟ್ಟಿ ತೋರಿಸಿದಾಗ ಅವರಿಗೆ ಅರ್ಥವಾಯಿತು. ಕಿಸೆಯ ಪುಟ್ಟ ಪುಸ್ತಕದಲ್ಲಿ ಆ ಪದವನ್ನು ಬರೆದುಕೊಂಡರು. ಅವರಿಬ್ಬರನ್ನೂ ಬಿಟ್ಟಿದ್ದರೆ ಹತ್ತು ನಿಮಿಷಗಳಲ್ಲಿ ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದರು.

ನಾನು ಬಿಡಲಿಲ್ಲ. ಹೊರಗೆ ಸಾಲು ಉದ್ದವಿತ್ತು. ನನಗೆ ಇಂಗ್ಲಿಷ್ ಬರುತ್ತಿತ್ತು. ನಡುವೆ ಬಾಯಿ ಹಾಕಿ ಹೊಟ್ಟೆನೋವು, ತಲೆಸುತ್ತು, ಎಷ್ಟು ದಿನಗಳಿಂದ, ಎಲ್ಲವನ್ನೂ ಕಡತದ ಟಿಪ್ಪಣಿಯಂತೆ ಮೂರು ವಾಕ್ಯಗಳಲ್ಲಿ ಮಂಡಿಸಿದೆ. ವೈದ್ಯರು ಪುಸ್ತಕ ಮುಚ್ಚಿದರು. ಚಿಕ್ಕಮ್ಮ ಮತ್ತೇನನ್ನೋ ಹೇಳುತ್ತಲೇ ಇದ್ದರು: ಬೆಳಗಿನ ಮಾತ್ರೆ ನುಂಗಿ ಎದ್ದು ನಿಂತಾಗ ಮಾತ್ರ ಹೀಗಾಗುತ್ತದೆ ಎಂದು. ಅದು ನನ್ನ ಕಿವಿಗೆ ಬಿದ್ದಿತ್ತು. ಮುದುಕರ ದೀರ್ಘ ಪುರಾಣವೆಂದು ಬಿಟ್ಟುಬಿಟ್ಟೆ. ನಾಲ್ಕನೆಯ ದಿನ ಬೆಳಗ್ಗೆ ಅವರು ಬಚ್ಚಲಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ರಕ್ತದೊತ್ತಡದ ಮಾತ್ರೆಯ ಪ್ರಮಾಣ ಅವರ ದೇಹಕ್ಕೆ ಹೆಚ್ಚಾಗಿತ್ತೆಂದು ಆಮೇಲೆ ತಿಳಿಯಿತು. "ಆ ದಿನವೇ ಇದನ್ನು ಹೇಳಬಹುದಿತ್ತಲ್ಲ" ಎಂದರು ಅದೇ ವೈದ್ಯರು, ಆಕ್ಷೇಪದ ಧ್ವನಿಯಿಲ್ಲದೆ. ಚಿಕ್ಕಮ್ಮ ಹೇಳಿದ್ದರು.

2019ರಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮದ ಆರಂಭಿಕ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಯನ್ನೂ ಸೇರಿಸಿದ್ದಾರೆ. ಒಳ್ಳೆಯದೇ. ಆದರೆ ಉಡುಪಿಯಂಥ ಜಿಲ್ಲೆಯಲ್ಲಿ ಸ್ಥಳೀಯ ಭಾಷೆಯೆಂದರೆ ಕನ್ನಡವೊಂದೇ ಅಲ್ಲ. ಹೊಟ್ಟೆ, ತಲೆ, ನೋವು, ಮಾತ್ರೆ ಎಂಬಷ್ಟನ್ನಾದರೂ ತುಳು, ಕೊಂಕಣಿ, ಬ್ಯಾರಿಗಳಲ್ಲಿ ಹೇಳಿಕೊಟ್ಟರೆ ಹೆಚ್ಚಿನ ವೆಚ್ಚವೇನೂ ಬೀಳದು. ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷಾ ಸಂಸ್ಥಾನವಿದೆ. ಪರಭಾಷಿಕರಿಗೆ ದಕ್ಷಿಣದ ಭಾಷೆಗಳನ್ನು ಕಲಿಸಿದ ದಶಕಗಳ ಅನುಭವ ಅಲ್ಲಿದೆ. ಪಠ್ಯ ಬೇಕಾದವರು ಬರಿಗೈಯಲ್ಲಿ ಹೊರಡಬೇಕಾಗಿಲ್ಲ. ತರಗತಿಯಿಂದ ಹೊರಬಿದ್ದ ವಿದ್ಯಾರ್ಥಿಗೆ ಬೀದಿಯಲ್ಲಿ ಯಾವ ಭಾಷೆಯಲ್ಲಿ ಉತ್ತರ ಸಿಗುತ್ತದೆ ಎಂಬುದಕ್ಕೆ ಮಾತ್ರ ಯಾವ ಸುತ್ತೋಲೆಯೂ ನೆರವಾಗದು.

ಕನ್ನಡದಲ್ಲಿ ನಾವು ಭಾಷೆಯನ್ನು 'ಬಲ್ಲೆ' ಎನ್ನುವುದು ಕಡಿಮೆ, 'ಬರುತ್ತದೆ' ಎನ್ನುವುದೇ ಹೆಚ್ಚು. ತುಳುವಿನಲ್ಲೂ ಹಾಗೆಯೇ: 'ಎಂಕ್ ತುಳು ಬರ್ಪುಂಡು'. ಭಾಷೆ ತಾನಾಗಿ ನಡೆದು ಬರುತ್ತದೆಂಬಂತೆ. ಇದನ್ನು ಜರ್ಮನ್ ಹುಡುಗಿಗೆ ಹೇಳಿದಾಗ, "ಬರುತ್ತದೆ ಸರ್, ಆದರೆ ದಾರಿಯಲ್ಲಿ ಎಲ್ಲರೂ ನಿಲ್ಲಿಸುತ್ತಾರೆ" ಎಂದಿದ್ದಳು. ಈಗ ನಾನು ಚಿಕ್ಕಮ್ಮನೊಡನೆ ಆಸ್ಪತ್ರೆಗೆ ಹೋದರೆ ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತಿರುತ್ತೇನೆ, ಕೇಳಿದರಷ್ಟೇ ಮಾತನಾಡುತ್ತೇನೆ. ಸಮಯ ಹಿಡಿಯುತ್ತದೆ. ಹಿಂದೆ ಕಾಯುವವರು ಗೊಣಗುವುದೂ ಉಂಟು.

ಹುಡುಗಿ ಊರಿಗೆ ಮರಳಿ ವರ್ಷಗಳೇ ಆದವು. ಮೀನಿನ ಹೆಂಗಸು ಈಗಲೂ ಗೇಟಿನ ಬಳಿ ಬುಟ್ಟಿ ಇಳಿಸುವಾಗ ಒಮ್ಮೊಮ್ಮೆ ಮೇಲಿನ ಮಹಡಿಯತ್ತ ನೋಡಿ, ಅವಳು ಯಾವಾಗ ಬರುತ್ತಾಳೆಂದು ನನ್ನನ್ನು ಕೇಳುತ್ತಾಳೆ. ಹೊರಡುವ ದಿನ ಹುಡುಗಿ ಅವಳಿಗೆ 'ಬರ್ಪೆ' ಎಂದು ಹೇಳಿ ಹೋಗಿದ್ದಳಂತೆ.